ಪಾವಗಡದ ಸೌರ ಗುತ್ತಿಗೆ: ಜಮೀನುದಾರರು ಗಮನಿಸತಕ್ಕ ಅಂಶಗಳು

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಅನಾವೃಷ್ಟಿಗೆ ಹೆಸರಾದುದು. ಅಲ್ಲಿಯ ಖುಷ್ಕಿ ಜಮೀನುಗಳಲ್ಲಿ ಕಡಲೆಕಾಯಿಯನ್ನು ಬಿತ್ತಿ, ಬೀಜದ ಬೆಲೆಯೂ ಹಿಂದಿರುಗದೆ ಕಷ್ಟಪಟ್ಟ ರೈತರು ಬಹು ಮಂದಿ. ಈ ತಾಲ್ಲೂಕಿನ ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ ಸರ್ಕಾರವೂ ಖಾಸಗಿ ಕಂಪೆನಿಗಳೂ ಕೂಡಿ ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ತಯಾರಿಸುವ ಏರ್ಪಾಡನ್ನು ನಡೆಸಿರುತ್ತವೆ. 2018ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಪ್ರಾರಂಭೋತ್ಸವವಾಗಿ, 2019ರ ಅಂತ್ಯದ ವೇಳೆಗೆ ಇದರ ಸಾಮರ್ಥ್ಯವು 2,050 ಮೆಗಾವಾಟಿಗೆ ಏರಿತು. ಇಂತಹ ಪ್ರಸ್ತಾಪಗಳು ಬೇರೆ ಊರುಗಳಿಗೂ ಬರಬಹುದಾದುದರಿಂದ ಇದರ ಸ್ವರೂಪವನ್ನು ಗ್ರಾಮಪ್ರಮುಖರು ಅರಿತಿರುವುದು ಅವಶ್ಯಕ.

ಇಲ್ಲಿ ಜಮೀನನ್ನು ಕ್ರಯಕ್ಕೆ ಪಡೆದಿಲ್ಲ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಂಸ್ಥೆಗಳು ಸೇರಿ 2015ರಲ್ಲಿ ಸ್ಥಾಪಿಸಿದ ನಿಗಮವೊಂದು ರೈತರಿಂದ ಭೂಮಿಯನ್ನು 28 ವರ್ಷಗಳ ಗುತ್ತಿಗೆಗೆ ಪಡೆದು, ರಸ್ತೆ, ತಂತಿಮಾರ್ಗ, ವಿದ್ಯುತ್ ಕೇಂದ್ರಗಳನ್ನು ಕಟ್ಟಿಸಿ, ಕಂಪೆನಿಗಳಿಗೆ ಭಾಗ ಮಾಡಿಕೊಟ್ಟಿತು. ಕಂಪೆನಿಗಳು ಸ್ವಂತ ಬಂಡವಾಳದಿಂದ ಫಲಕಗಳನ್ನು ನಿಲ್ಲಿಸಿ ವಿದ್ಯುತ್ತನ್ನು ಮಾರುತ್ತವೆ. ರೈತನ ವ್ಯವಹಾರವು ನಿಗಮದೊಡನೆಯೇ ಹೊರತು ಕಂಪೆನಿಯೊಡನೆ ಅಲ್ಲ; ಖಾತೆಯೂ ಅವನ ಹೆಸರಿನಲ್ಲಿಯೇ ಉಳಿಯುತ್ತದೆ. ಈ ಪದ್ಧತಿಯ ಮುಖ್ಯ ಗುಣವು ಇದೇ ಎಂದು ನಮ್ಮ ಅಭಿಪ್ರಾಯ.

ಗುತ್ತಿಗೆಯ ದರವು ಮೊದಲು ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಹೆಚ್ಚಳ. ಬೆಳೆ ಕೈಕೊಡುತ್ತಿದ್ದ ಸೀಮೆಯಲ್ಲಿ ಇದು ಅಲ್ಪವಲ್ಲ. ಆದರೆ ಲೆಕ್ಕವನ್ನು ಕೊನೆಯವರೆಗೂ ಹಾಕಿ ನೋಡತಕ್ಕದ್ದು. ಈ ಕ್ರಮದಲ್ಲಿ 27ನೆಯ ವರ್ಷದ ಗುತ್ತಿಗೆಯು ಸುಮಾರು 39,600 ರೂಪಾಯಿ ಆಗುವುದು. ಪದಾರ್ಥಗಳ ಬೆಲೆಯು ಪ್ರತಿವರ್ಷವೂ ಶೇಕಡ 5ರಂತೆ ಏರಿದ ಪಕ್ಷದಲ್ಲಿ, ಆ ಹಣಕ್ಕೆ ದೊರೆಯುವ ಸಾಮಾನು ಮೊದಲ ವರ್ಷದಲ್ಲಿ 11,000 ರೂಪಾಯಿಗೆ ದೊರೆಯುತ್ತಿದ್ದಷ್ಟೇ. ತಂದೆಯು ರುಜು ಮಾಡಿದ ಕರಾರಿನ ನಷ್ಟವನ್ನು ಮಗನು ಅನುಭವಿಸಬೇಕಾಗುವುದು. ಹೆಚ್ಚಳವನ್ನು ಬೆಲೆಗಳ ಏರಿಕೆಗೆ ಹೊಂದಿಸಬೇಕೆಂದು ರುಜುವಿಗೆ ಮುಂಚೆಯೇ ಕೇಳತಕ್ಕದ್ದು.

ಇನ್ನೊಂದು ವಿಷಯವು ಗ್ರಾಮಪ್ರಮುಖರಿಗೇ ಸೇರಿದ್ದು. ಗುತ್ತಿಗೆಯ ಹಣವು ಖಾತೆದಾರನಿಗೆ ಮಾತ್ರ ಸಲ್ಲುತ್ತದೆ. ಹತ್ತು ಎಕರೆಯ ಒಡೆಯನಿಗೆ ಮೊದಲ ವರ್ಷವೇ 2,10,000 ರೂಪಾಯಿ. ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವಳಿಗೆ ಏನೂ ಇಲ್ಲ. ಬೇಲಿ ಬಿದ್ದ ಮೇಲೆ ಕುರಿಗಳಿಗೆ ಮೇವೂ ದಾರಿಯೂ ತಪ್ಪುತ್ತವೆ. ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸಗಳುಂಟು. ಆದರೆ ಸಾವಿರಾರು ಎಕರೆಗಳ ಬೇಸಾಯವು ಕೊಡುತ್ತಿದ್ದಷ್ಟು ಕೂಲಿ ಅವುಗಳಿಂದ ಹುಟ್ಟದು. ಭೂಮಿಯಿಲ್ಲದ ಕುಟುಂಬಗಳ ಪಟ್ಟಿಯನ್ನು ಮೊದಲೇ ತಯಾರಿಸಿ, ಇಂತಿಷ್ಟು ಕೆಲಸಗಳು ಅವರಿಗೇ ಎಂದೂ, ಕುರಿಗಳಿಗೆ ಇಂತಹ ದಾರಿ ಬಿಡತಕ್ಕದ್ದೆಂದೂ ಷರತ್ತು ಬರೆಯಿಸುವುದು ಪ್ರಮುಖರಿಗೆ ಸಾಧ್ಯ. ಒಬ್ಬೊಬ್ಬ ರೈತನಿಗೆ ಅದು ಸಾಧ್ಯವಲ್ಲ.

ಪೂರ್ವಿಕರ ಹೆಸರಿನಲ್ಲಿ ಖಾತೆಯಿರುವವರು ಮೊದಲು ಪೌತಿ ಖಾತೆ ಮಾಡಿಸಿಕೊಳ್ಳತಕ್ಕದ್ದು. ಕರಾರು ರಿಜಿಸ್ಟರಾಗಿರಬೇಕು. ಫಲಕಗಳನ್ನು ನಿಲ್ಲಿಸಲು ನೆಲವನ್ನು ಸಮಮಾಡುವಾಗ ಬದುಗಳೂ ಗಡಿಕಲ್ಲುಗಳೂ ಅಳಿಸಿಹೋಗುವ ಸಂಭವವಿರುವುದರಿಂದ ಮುಂಚಿತವಾಗಿ ಅಳತೆ ಮಾಡಿಸಿ ನಕ್ಷೆಯನ್ನು ಇಟ್ಟುಕೊಳ್ಳತಕ್ಕದ್ದು. ವಾಯಿದೆ ಮುಗಿದಾಗ ಕಬ್ಬಿಣದ ಕಂಬಗಳನ್ನೂ ಕಾಂಕ್ರೀಟನ್ನೂ ಯಾರ ಖರ್ಚಿನಲ್ಲಿ ಕೀಳತಕ್ಕದ್ದೆಂಬುದೂ ಕರಾರಿನಲ್ಲಿ ಇರಬೇಕು.