ಮಾತ್ರೆಯೂ ಬೇಕು, ಮೂಳೆಯೂ ಬೇಕು

ತುರುವೇಕೆರೆ ಕಡೆಯ ತೋಟದ ಮನೆಯವಳು ನಾನು. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕಿಮೋ ಮುಗಿದ ಮೇಲೆ ಬೆಂಗಳೂರಿನ ಡಾಕ್ಟರು ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ ಬರೆದುಕೊಟ್ಟರು. ಐದು ವರ್ಷ ತಪ್ಪದೆ ನುಂಗಬೇಕು. ಮುಟ್ಟು ನಿಂತ ಮೇಲೂ ಹೆಂಗಸರ ಮೈಯಲ್ಲಿ ಅಷ್ಟಿಷ್ಟು ಈಸ್ಟ್ರೊಜೆನ್ ಹುಟ್ಟುತ್ತಿರುತ್ತದೆ. ಅದನ್ನು ಈ ಮಾತ್ರೆ ತಡೆಯುತ್ತದೆ. ಹಾರ್ಮೋನಿನ ಬಲದಲ್ಲಿ ಬೆಳೆಯುವ ಕ್ಯಾನ್ಸರ್ ಅದರಿಂದ ಸೊರಗುತ್ತದೆ. ಆದರೆ ಮೂಳೆ ಸವೆಯದಂತೆ ಕಾಯುವುದೂ ಅದೇ ಈಸ್ಟ್ರೊಜೆನ್.

ಮೂಳೆ ಸವೆಯುವಾಗ ನೋವು ಗೊತ್ತಾಗುವುದಿಲ್ಲ. ಡೆಕ್ಸಾ ಸ್ಕ್ಯಾನ್‌ನಲ್ಲಿ ಅಳೆದೇ ತಿಳಿಯಬೇಕು. ಅದರ ಟಿ-ಸ್ಕೋರ್ ಮೈನಸ್ 1ರವರೆಗೆ ಇದ್ದರೆ ಸರಿ, ಮೈನಸ್ 2.5 ಅಥವಾ ಅದಕ್ಕೂ ಕೆಳಗಾದರೆ ಆಸ್ಟಿಯೊಪೊರೋಸಿಸ್. ನನ್ನದು ಇವೆರಡರ ನಡುವೆ ಇತ್ತು. ಶುರುವಿನಲ್ಲೇ ಅಳೆದಿದ್ದರಿಂದ ಮುಂದಿನ ಸ್ಕ್ಯಾನ್‌ಗಳನ್ನು ಹೋಲಿಸಿ ನೋಡಲು ಒಂದು ಆಧಾರ ಸಿಕ್ಕಿತು.

ಬೆಳಗ್ಗೆ ಬೆರಳು, ಮಂಡಿ ಹಿಡಿದುಕೊಳ್ಳುವುದು ಬೇರೆ ವಿಷಯ. ಅದೂ ಮಾತ್ರೆಯದೇ ಪರಿಣಾಮ, ಆದರೆ ಮೂಳೆ ಸವೆತದ ಗುರುತಲ್ಲ. ದಿನವೂ ನಡೆದಾಗ ನನಗೆ ಹಗುರವಾಯಿತು. ತಡೆಯಲಾಗದಿದ್ದರೆ ಡಾಕ್ಟರು ಮಾತ್ರೆ ಬದಲಿಸಬಲ್ಲರು, ನಾವೇ ನಿಲ್ಲಿಸಬಾರದು.

ನಮ್ಮ ಸೀಮೆಯ ಅಡುಗೆಗೆಲ್ಲ ಕಾಯಿ ಬೇಕು. ಆದರೆ ಕಾಯಿ, ಕೊಬ್ಬರಿಯಲ್ಲಿ ಕ್ಯಾಲ್ಸಿಯಂ ತೀರ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ದಿನಕ್ಕೆ ಬೇಕಾದದ್ದು 1,000ದಿಂದ 1,200 ಮಿಲಿಗ್ರಾಂ. ಮುದ್ದೆ, ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಸೇರಿದರೆ ಬಹುಪಾಲು ಒದಗುತ್ತದೆ. ಉಳಿದದ್ದಕ್ಕೆ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ಡಾಕ್ಟರು ಹೇಳಿದ ಅಳತೆಯಲ್ಲೇ ತೆಗೆದುಕೊಳ್ಳುತ್ತೇನೆ.

ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಉಂಡೆ ಕೊಬ್ಬರಿಗೆಂದು ಕಾಯಿಯನ್ನು ವರ್ಷದ ಹತ್ತಿರ ಅಟ್ಟದಲ್ಲಿ ಇಡುವ ಮನೆ ನಮ್ಮದು. ಈಗ ಅಟ್ಟದ ಏಣಿ ಹತ್ತುವುದು ಮಗನ ಕೆಲಸ. ಅಂಗಳದಲ್ಲಿ ಗರಿ, ಚಿಪ್ಪು ಬಿದ್ದಿರದಂತೆ, ಬಚ್ಚಲಲ್ಲಿ ಪಾಚಿ ಕಟ್ಟದಂತೆ ಮನೆಯವರೆಲ್ಲ ನಿಗಾ ಇಡುತ್ತಾರೆ.

ಮೂಳೆ ಬಲಕ್ಕೆ ಆರು ತಿಂಗಳಿಗೊಮ್ಮೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಕೊಡುವುದುಂಟು. ಮುಟ್ಟು ನಿಂತವರಲ್ಲಿ ಕ್ಯಾನ್ಸರ್ ಮೂಳೆಗೆ ಮರಳುವ ಅಪಾಯವನ್ನೂ ಅದು ಸ್ವಲ್ಪ ತಗ್ಗಿಸುತ್ತದೆ. ಅದಕ್ಕೆ ಮೊದಲು ಹಲ್ಲಿನ ತಪಾಸಣೆ, ಕಿಡ್ನಿ ಪರೀಕ್ಷೆ ಆಗಲೇಬೇಕು. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಬೇಕು. ಡ್ರಿಪ್ ಆದ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು.

ತಾಯಂದಿರೇ, ಹೊಸದಾಗಿ ಬೆನ್ನು ನೋವು ಬಂದು ಬಿಡದೆ ಕಾಡಿದರೆ ತೋಟದ ಕೆಲಸದ್ದೆಂದು ಸುಮ್ಮನಿರಬೇಡಿ, ಆಸ್ಪತ್ರೆಗೆ ತಿಳಿಸಿ. ಹಾರ್ಮೋನ್ ಮಾತ್ರೆ ಬರೆದ ದಿನವೇ ಕೇಳಿ: "ಡಾಕ್ಟ್ರೇ, ನನ್ನ ಮೂಳೆ ಸ್ಕ್ಯಾನ್ ಯಾವಾಗ?"