ಜಗಲಿಯಲ್ಲೊಂದು, ಕೊಟ್ಟಿಗೆಯಲ್ಲೊಂದು



ಕಳೆದ ವರ್ಷ ಆಟಿ ತಿಂಗಳ ಒಂದು ಸಂಜೆ. ಪುತ್ತೂರಿನಿಂದ ಕಾಣಿಯೂರು ದಾರಿಯಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಬಸ್ಸು ತಂಗುದಾಣವೊಂದರ ಕಂಬಕ್ಕೆ ಯಾರೋ ಒಂದು ಕಂದು ಬಣ್ಣದ ಹೆಣ್ಣುನಾಯಿಯನ್ನು ನೈಲಾನ್ ಹಗ್ಗದಲ್ಲಿ ಕಟ್ಟಿ ಬಿಟ್ಟುಹೋಗಿದ್ದರು. ಹಗ್ಗ ಕುತ್ತಿಗೆಯ ಚರ್ಮದೊಳಗೆ ಇಳಿದಿತ್ತು. ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಅದನ್ನು ಬಿಡಿಸಿ ತಂದ. ಅವನಿರುವುದು ಬಾಡಿಗೆಯ ಕೋಣೆಯಲ್ಲಿ. ಆದ್ದರಿಂದ "ಎರಡು ತಿಂಗಳ ಮಟ್ಟಿಗೆ, ಒಂದು ಒಳ್ಳೆಯ ಮನೆ ಸಿಗುವವರೆಗೆ" ಎಂದು ಹೇಳಿ ತನಗೆ ಪರಿಚಯವಿದ್ದ ಒಂದು ಕುಟುಂಬದಲ್ಲಿ ಬಿಟ್ಟ.

ಗಂಡ ಹೆಂಡತಿ ಇಬ್ಬರೇ ಇರುವ ಮನೆ ಅದು. ವಯಸ್ಸು ಎಪ್ಪತ್ತರ ಹತ್ತಿರ. ಮಕ್ಕಳು ಗಲ್ಫಿನಲ್ಲಿ. ಸ್ವಲ್ಪ ಅಡಿಕೆ, ಸ್ವಲ್ಪ ಕೊಕ್ಕೊ. ಆ ಮನೆಯಲ್ಲಿ ಆಗಲೇ ಬೊಳ್ಳು ಎಂಬ ಹದಿಮೂರು ವರ್ಷದ ಬಿಳಿ ನಾಯಿಯಿತ್ತು. ಮೊಮ್ಮಕ್ಕಳೆಲ್ಲ ಅದರ ಬೆನ್ನು ಹಿಡಿದು ನಡೆಯಲು ಕಲಿತವರು. ಮೇ ತಿಂಗಳಿನಿಂದ ಅದು ಬಕೆಟಿನಲ್ಲಿದ್ದ ನೀರನ್ನೆಲ್ಲ ಕುಡಿಯುತ್ತಿತ್ತು, ರಾತ್ರಿ ಜಗಲಿಯಲ್ಲೇ ಮೂತ್ರ ಮಾಡುತ್ತಿತ್ತು, ಅನ್ನದ ಬಟ್ಟಲನ್ನು ಮೂಸಿ ಮುಖ ತಿರುಗಿಸುತ್ತಿತ್ತು. ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಎರಡೂ ಮೂತ್ರಪಿಂಡಗಳು ಸೋತಿವೆ ಎಂದರು. ಮುದಿ ನಾಯಿಗಳಲ್ಲಿ ಇದು ಸಾಮಾನ್ಯ. ವಾಸಿಯಾಗುವ ಕಾಯಿಲೆಯಲ್ಲ, ಸಂಕಟವನ್ನು ಕಡಿಮೆ ಮಾಡಬಹುದು ಅಷ್ಟೇ. ಒಣಮೀನು, ಉಪ್ಪು ಎಲ್ಲ ಬಂದ್. ಮೆತ್ತಗಿನ ಗಂಜಿ, ಬೇಯಿಸಿದ ಮೊಟ್ಟೆಯ ಬಿಳಿ ಭಾಗ. ದಿನ ಬಿಟ್ಟು ದಿನ ಹೆಗಲ ಬಳಿಯ ಚರ್ಮವನ್ನು ಎತ್ತಿ ಹಿಡಿದು, ಅದರಡಿಗೆ ಸೂಜಿಯಿಂದ ಸಲೈನ್. ಇದನ್ನು ಆ ಅಮ್ಮ ತಾವೇ ಕಲಿತುಕೊಂಡರು. ನೋವಿಗೆಂದು ನಾವು ನುಂಗುವ ಮಾತ್ರೆಯನ್ನು ಅರ್ಧ ಮಾಡಿ ನಾಯಿಗೆ ಕೊಡುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ದಯವಿಟ್ಟು ಕೊಡಬೇಡಿ. ಅಂಥ ಕೆಲವು ಮಾತ್ರೆಗಳು ನಾಯಿಯ ಮೂತ್ರಪಿಂಡವನ್ನೂ ಯಕೃತ್ತನ್ನೂ ಕೆಡಿಸಿ ಪ್ರಾಣವನ್ನೇ ತೆಗೆಯುತ್ತವೆ.

ಹೀಗೆ ಒಂದು ಮನೆಯಲ್ಲಿ ಸಾಯಲಿರುವ ನಾಯಿಯೊಂದು, ಬದುಕಲು ಹೆದರುವ ನಾಯಿಯೊಂದು. ಇದರಲ್ಲಿ ಧರ್ಮೋಪದೇಶಕ್ಕೆ ಏನಿದೆ ಎಂದು ಕೆಲವರು ಕೇಳಬಹುದು. ತೊಬೀತನ ಗ್ರಂಥವನ್ನು ತೆರೆದು ನೋಡಿ. ಬೈಬಲಿನಲ್ಲಿ ನಾಯಿ ಎಂದರೆ ಬಹುಮಟ್ಟಿಗೆ ಬೈಗುಳವೇ. ಆದರೆ ಅಲ್ಲಿ ಮಾತ್ರ, ಕುರುಡನಾದ ತಂದೆಗಾಗಿ ಪ್ರಯಾಣ ಹೊರಟ ಮಗನ ಹಿಂದೆ ಒಂದು ನಾಯಿ ಸುಮ್ಮನೆ ನಡೆದುಹೋಗುತ್ತದೆ, ಮರಳುವಾಗಲೂ ಹಿಂದೆಯೇ ಬರುತ್ತದೆ. ಏನೂ ಮಾಡುವುದಿಲ್ಲ. ಆದರೂ ಪವಿತ್ರ ಗ್ರಂಥದ ಲೇಖಕನಿಗೆ ಅದನ್ನು ಬಿಟ್ಟು ಬರೆಯಲು ಮನಸ್ಸಾಗಲಿಲ್ಲ.

ಪಶುವೈದ್ಯರ ಮೊದಲ ಮಾತು, "ಎರಡು ವಾರ ಇವೆರಡನ್ನೂ ಸೇರಿಸಬೇಡಿ" ಎಂದು. ಬೀದಿಯಿಂದ ಬಂದ ನಾಯಿಗೆ ಪಾರ್ವೊ, ಡಿಸ್ಟೆಂಪರ್, ಕಜ್ಜಿ, ಉಣ್ಣಿ, ಹೊಟ್ಟೆಹುಳ ಯಾವುದೂ ಇರಬಹುದು. ನಮ್ಮ ಮಳೆಗಾಲದಲ್ಲಿ ಇಲಿಜ್ವರವೂ ಸೇರುತ್ತದೆ. ಅದು ಮೂತ್ರದ ಮೂಲಕ ಮನುಷ್ಯರಿಗೂ ಹರಡುತ್ತದೆ. ರೋಗಿಯಾದ ನಾಯಿಗೆ ಇವುಗಳಲ್ಲಿ ಒಂದು ತಗಲಿದರೂ ಕತೆ ಮುಗಿಯಿತು. ಹಾಗಾಗಿ ಬೊಳ್ಳು ಜಗಲಿಯಲ್ಲಿ, ಹೊಸದು ಹಟ್ಟಿಯ ಪಕ್ಕದ ಅಡಿಕೆ ಕೊಟ್ಟಿಗೆಯಲ್ಲಿ ಗೋಣಿ ಹಾಸಿದ ಮೂಲೆಯಲ್ಲಿ. ಬಟ್ಟಲು ಬೇರೆ, ಗುಡಿಸುವ ಹಿಡಿಸೂಡಿ ಬೇರೆ. ಬೊಳ್ಳುವಿನ ಕೆಲಸ ಮುಗಿಸಿಯೇ ಕೊಟ್ಟಿಗೆಗೆ ಹೋಗುವುದು, ಬಂದ ಮೇಲೆ ಸಾಬೂನಿನಿಂದ ಕೈಕಾಲು ತೊಳೆಯುವುದು. ಹುಳದ ಔಷಧಿ, ಹುಚ್ಚುನಾಯಿ ರೋಗದ ಲಸಿಕೆ ವೈದ್ಯರು ಹೇಳಿದ ದಿನಕ್ಕೆ. ಹೊಸ ನಾಯಿಗೆ ಹೆಸರಿಡಲಿಲ್ಲ. ಹೆಸರಿಟ್ಟರೆ ನಮ್ಮದೇ ಆಗಿಬಿಡುತ್ತದೆ ಎಂಬ ಹೆದರಿಕೆ ಮನೆಯವರಿಗೂ ಇತ್ತು.

ಆ ನಾಯಿಯ ಹೆದರಿಕೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ಬಾಲ ಹೊಟ್ಟೆಯಡಿಗೆ ಹೋಗುತ್ತಿತ್ತು, ಕಿವಿ ತಲೆಗೆ ಅಂಟುತ್ತಿತ್ತು. ಹಿಡಿಸೂಡಿ ಎತ್ತಿದರೆ ನಿಂತಲ್ಲೇ ಮೂತ್ರ. ಯಜಮಾನರು ಸಹೃದಯರು, ಆದರೆ ಅವಸರದವರು. ಎರಡನೆಯ ವಾರ ಮೀನಿನ ತುಂಡು ಹಿಡಿದು ಮೂಲೆಯವರೆಗೆ ಹೋಗಿ, ತಲೆಯ ಮೇಲೆ ಕೈಯಿಡಲು ಬಾಗಿದರು. ಅದು ಗುರುಗುಟ್ಟಿತು. "ಏಯ್, ಸುಮ್ಮನಿರು" ಎಂದು ಗದರಿಸಿದರು. ಹಿಂದೆ ಗೋಡೆ, ಮುಂದೆ ಮನುಷ್ಯ. ನಾಯಿ ಕಚ್ಚಿತು.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗುಣವಾಗದ ರೋಗದ ಮಾತಿದು. ಅವರು ನಳ್ಳಿಯ ಕೆಳಗೆ ಸಾಬೂನು ಹಾಕಿ ಹದಿನೈದು ನಿಮಿಷ ಗಾಯ ತೊಳೆದರು. ಅರಸಿನ, ಸುಣ್ಣ, ಮೆಣಸಿನ ಪುಡಿ ಏನೂ ಹಚ್ಚಲಿಲ್ಲ. ಅದೇ ಗಂಟೆಯಲ್ಲಿ ಸರಕಾರಿ ಆಸ್ಪತ್ರೆಗೆ ಹೋದರು. ರಕ್ತ ಬಂದಿದ್ದರಿಂದ ಗಾಯದ ಸುತ್ತ ಇಮ್ಯುನೊಗ್ಲೊಬುಲಿನ್ ಕೊಟ್ಟು, ಲಸಿಕೆಯ ದಿನಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3ನೆಯ, 7ನೆಯ ಮತ್ತು 28ನೆಯ ದಿನ. ನಾಯಿಗೆ ಲಸಿಕೆ ಆಗಿದೆ ಎಂದು ಮನುಷ್ಯನ ಲಸಿಕೆಯನ್ನು ತಾವೇ ನಿರ್ಧರಿಸಿ ಬಿಡಬಾರದು. ನಮ್ಮವರು ಬಹಳಷ್ಟು ಮಂದಿ ಇರುವ ಗೋವಾ ರಾಜ್ಯದಲ್ಲಿ ನಾಯಿಗಳಿಗೆ ಊರೂರಿಗೆ ಹೋಗಿ ಲಸಿಕೆ ಹಾಕಿದ್ದರಿಂದ 2018ರ ನಂತರ ಮನುಷ್ಯರಲ್ಲಿ ಈ ರೋಗದ ಸಾವು ನಿಂತಿತು. 2021ರಲ್ಲಿ ಆ ರಾಜ್ಯ ರೋಗ ಹತೋಟಿಗೆ ಬಂತೆಂದು ಘೋಷಿಸಿತು. ಇದು ಅಸಾಧ್ಯದ ಕೆಲಸವಲ್ಲ.

ಕಚ್ಚಿದ್ದು ನಾಯಿಯ ದುಷ್ಟತನವಲ್ಲ. ಗುರುಗುಟ್ಟುವುದು ಅದರ ಪಾಲಿಗೆ "ದಯವಿಟ್ಟು ಹತ್ತಿರ ಬರಬೇಡಿ" ಎಂಬ ಮಾತು. ಆ ಮಾತಿಗೆ ಗದರಿಸಿದರೆ ಮುಂದಿನ ಸಲ ಅದು ಮಾತನ್ನೇ ಆಡದೆ ಹಲ್ಲು ಹಾಕುತ್ತದೆ.

ಮತ್ತೆ ದಾರಿ ಕಂಡುಕೊಂಡದ್ದು ಅಮ್ಮ. ಸಂಜೆ ಜಪಸರದ ಹೊತ್ತಿಗೆ ಒಂದು ಮಣೆ ತೆಗೆದುಕೊಂಡು ಕೊಟ್ಟಿಗೆಯ ಬಾಗಿಲ ಹೊರಗೆ, ನಾಯಿಗೆ ಬೆನ್ನು ಒರೆಯಾಗುವಂತೆ ಕುಳಿತು, ಕೊಂಕಣಿಯಲ್ಲಿ ಐದು ರಹಸ್ಯ ಮುಗಿಸುತ್ತಿದ್ದರು. ಕರೆಯುವುದಿಲ್ಲ, ನೋಡುವುದಿಲ್ಲ. ಎದ್ದು ಹೋಗುವಾಗ ಒಂದು ಹಿಡಿ ಅನ್ನ ಅಲ್ಲೇ ಬಿಟ್ಟು ಹೋಗುವುದು. ಒಂದು ವಾರ ಅನ್ನ ರಾತ್ರಿಯೇ ಖಾಲಿಯಾಗುತ್ತಿತ್ತು. ಆಮೇಲೆ ಮೂರನೆಯ ರಹಸ್ಯದ ಹೊತ್ತಿಗೆ ಮೂಲೆಯಿಂದ ಬಂದು ಕೊಟ್ಟಿಗೆಯ ನಡುವೆ ಮಲಗತೊಡಗಿತು. ಸೆಪ್ಟೆಂಬರ್ 8ರ ತೆನೆ ಹಬ್ಬದ ದಿನ, ಅವರ ಸೀರೆಯ ಸೆರಗನ್ನು ಮೂಸಿ, ಕೈಯಿಂದ ಒಂದು ತುತ್ತು ತೆಗೆದುಕೊಂಡಿತು. ಆ ದಿನ ಅದಕ್ಕೆ ಕೆಂಚಿ ಎಂಬ ಹೆಸರು ಬಂತು. ಇಡಬಾರದೆಂದಿದ್ದವರೇ ಇಟ್ಟರು!

ಸಂತ ಯೊವಾನ್ನರು ತಮ್ಮ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ, ಪರಿಪೂರ್ಣ ಪ್ರೀತಿ ಇರುವಲ್ಲಿ ಭಯ ನಿಲ್ಲುವುದಿಲ್ಲ, ಏಕೆಂದರೆ ಭಯದ ಬೇರು ಇರುವುದು ದಂಡನೆಯಲ್ಲಿ ಎಂಬ ಅರ್ಥದ ಮಾತನ್ನು ಬರೆದಿದ್ದಾರೆ. ಮದುವೆಯ ಪೂಜೆಗಳಲ್ಲಿ ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಪ್ರೀತಿ ಮುನ್ನುಗ್ಗಿ ಭಯವನ್ನು ದೂಡುತ್ತದೆ ಎಂದೇ ನಾನು ಗ್ರಹಿಸಿದ್ದೆ. ಯಜಮಾನರು ಮೀನಿನ ತುಂಡು ಹಿಡಿದು ಮಾಡಿದ್ದೂ ಅದನ್ನೇ. ಪೆಟ್ಟು ತಿಂದ ಜೀವಕ್ಕೆ ಹತ್ತಿರ ಬರುವ ಕೈ ಎಲ್ಲವೂ ಪೆಟ್ಟಿನ ಕೈಯೇ. ಅದರ ಭಯ ಹೋಗಬೇಕಾದರೆ ದಂಡನೆ ಬರಲಿಲ್ಲ ಎಂಬುದು ದಿನದಿನವೂ ಅದಕ್ಕೆ ತಿಳಿಯುತ್ತ ಹೋಗಬೇಕು. ಕುಡುಕ ತಂದೆಯ ಮನೆಯಿಂದ ಬಂದ ಮಕ್ಕಳನ್ನು ಧರ್ಮೋಪದೇಶದ ತರಗತಿಯಲ್ಲಿ ಮೊದಲ ಬೆಂಚಿಗೆ ಎಳೆದು ಕೂರಿಸುತ್ತಿದ್ದ ನನಗೂ ಅಲ್ಲಿ ಕಲಿಯಲಿಕ್ಕಿತ್ತು.

ಇನ್ನು ಅವರು ನನ್ನನ್ನು ಕೇಳಿದ ಪ್ರಶ್ನೆ. ಪಾಪನಿವೇದನೆಯಲ್ಲಿ ಅಲ್ಲ, ಅಡುಗೆಮನೆಯ ಬಾಗಿಲಲ್ಲಿ ಕೇಳಿದ್ದು. ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. "ಫಾದರ್, ನಾನು ಕೊಟ್ಟಿಗೆಯಿಂದ ಬರುವಾಗ ಬೊಳ್ಳು ಮುಖ ಆಚೆ ತಿರುಗಿಸಿ ಮಲಗ್ತದೆ. ಅದಕ್ಕೆ ಇರುವುದೇ ಸ್ವಲ್ಪ ದಿನ. ಇದನ್ನು ವಾಪಸ್ ಕೊಟ್ಟರೆ ಪಾಪವಾ? ಕೊಡದಿದ್ದರೆ ಬೊಳ್ಳುವಿಗೆ ಅನ್ಯಾಯವಾ? ನಾಯಿಗೆ ಇಷ್ಟು ಖರ್ಚು ಮಾಡುವುದನ್ನು ಪೋಪರೇ ಬೈದಿದ್ದಾರೆ ಅಂತ ವಾಳೆಯ ಸಭೆಯಲ್ಲಿ ಬೇರೆ ಹೇಳಿದರು."

ಕೊನೆಯ ಮಾತಿನಿಂದ ಆರಂಭಿಸೋಣ. ಪೋಪ್ ಫ್ರಾನ್ಸಿಸರು 2022ರ ಜನವರಿ 5ರಂದು, ಯೇಸುವಿನ ಸಾಕುತಂದೆ ಸಂತ ಜೋಸೆಫರ ಕುರಿತು ಮಾತನಾಡುತ್ತ, ಮಕ್ಕಳು ಬೇಡವೆಂದು ಅವರ ಜಾಗದಲ್ಲಿ ನಾಯಿ ಬೆಕ್ಕು ಸಾಕುವ ದಂಪತಿಗಳನ್ನು ಸ್ವಾರ್ಥಿಗಳೆಂದು ಟೀಕಿಸಿದ್ದು ನಿಜ. ನಾಲ್ಕು ಮಕ್ಕಳನ್ನು ಹೆತ್ತು ಸಾಕಿದ ಈ ತಾಯಿಗೆ ಆ ಮಾತು ತಾಗುವುದಿಲ್ಲ. ಅದೇ ಪೋಪರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಪ್ರತಿಯೊಂದು ಜೀವಿಗೂ ದೇವರ ಮುಂದೆ ತನ್ನದೇ ಬೆಲೆಯಿದೆ ಎಂದು ಬೋಧಿಸಿದರು. ಗುರುಮಠದಲ್ಲಿ ನಾವು ಕಲಿತ ಸಂತ ತೋಮಾಸ್ ಅಕ್ವಿನಾಸರ ವಾದ, ಪ್ರಾಣಿಗೆ ಮರುಗುವವನು ಮನುಷ್ಯನಿಗೂ ಬೇಗ ಮರುಗುತ್ತಾನೆ ಎಂಬುದು. ಸರಿಯಾದ ವಾದವೇ. ಆದರೆ ಪ್ರಾಣಿಯನ್ನು ನಮ್ಮ ಅಭ್ಯಾಸದ ಹಲಗೆಯನ್ನಾಗಿ ಮಾಡಿದಂತೆ ನನಗೆ ಆಗಲೂ ಅನಿಸುತ್ತಿತ್ತು.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2418ನೇ ಪರಿಚ್ಛೇದ ಎರಡು ಕಡೆಗೂ ಬೇಲಿ ಹಾಕುತ್ತದೆ. ಪ್ರಾಣಿಗಳನ್ನು ಅನಾವಶ್ಯಕವಾಗಿ ನರಳಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ. ಮನುಷ್ಯರ ಕಷ್ಟಕ್ಕೆ ಮೊದಲು ಹೋಗಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ. ಹಾಗಾದರೆ ಎರಡು ಪ್ರಾಣಿಗಳ ನಡುವೆ? ಸಂತ ಅಗಸ್ಟೀನರು ಕ್ರೈಸ್ತ ಬೋಧನೆಯ ಕುರಿತ ತಮ್ಮ ಗ್ರಂಥದಲ್ಲಿ ಮನುಷ್ಯರ ಬಗ್ಗೆ ಹೇಳಿದ ಮಾತನ್ನು ಇಲ್ಲಿಗೂ ಅನ್ವಯಿಸಬಹುದು. ಎಲ್ಲರಿಗೂ ಒಳಿತು ಮಾಡಲು ನಮ್ಮಿಂದಾಗದು. ಸ್ಥಳ, ಕಾಲ, ಸಂದರ್ಭಗಳಿಂದ ಚೀಟಿ ಎತ್ತಿದಂತೆ ಯಾರು ನಮ್ಮ ಹತ್ತಿರಕ್ಕೆ ಬಂದಿದ್ದಾರೋ ಅವರು ಮೊದಲು. ಕೆಂಚಿ ಬಸ್ಸು ತಂಗುದಾಣದಲ್ಲಿ ಬಂದ ಚೀಟಿ. ಬೊಳ್ಳು ಹದಿಮೂರು ವರ್ಷ ಹಿಂದೆಯೇ ಬಂದದ್ದು. ಮೊದಲ ಪಾಲು ಬೊಳ್ಳುವಿಗೆ, ಉಳಿದದ್ದು ಕೆಂಚಿಗೆ. ಉಳಿಯದಿದ್ದರೆ ಬೇರೆ ಕೈಗೆ ಒಪ್ಪಿಸಿ, ಅದು ಪಾಪವಲ್ಲ. ಆದರೆ ರಸ್ತೆಗಲ್ಲ ಎಂದೆ. ಹಸಿದು ಬಾಯಾರಿ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಹೆಣ್ಣುಮರಿಗಳನ್ನು ಗೋಣಿಯಲ್ಲಿ ಕಟ್ಟಿ ಮೀನು ಮಾರುಕಟ್ಟೆಯ ಹಿಂದೆ ಬಿಟ್ಟು ಬರುವವರಲ್ಲಿ ಭಾನುವಾರ ಪೂಜೆಗೆ ಬರುವವರೂ ಇದ್ದಾರೆ ಎಂಬುದು ನನಗೆ ಗೊತ್ತಿದೆ.

ಆಮೇಲೆ ನಾನೊಂದು ಪ್ರಶ್ನೆ ಕೇಳಿದೆ: "ಮತ್ತೆ ನಿಮ್ಮ ನೆರೆಮನೆಯ ಅಜ್ಜಿಗೆ?"

ಹಾಸಿಗೆ ಹಿಡಿದ ಆ ಅಜ್ಜಿಗೆ ಮಧ್ಯಾಹ್ನದ ಗಂಜಿ ಇವರ ಮನೆಯಿಂದ ಹೋಗುತ್ತಿತ್ತು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಕಳೆದ ವಾರ ನಾಲ್ಕು ದಿನ ತಪ್ಪಿತು ಫಾದರ್" ಎಂದರು. ಬೊಳ್ಳುವಿಗೆ ವಾಂತಿ, ಕೆಂಚಿಯ ಕುತ್ತಿಗೆಯ ಗಾಯಕ್ಕೆ ಹುಳ; ಅದರ ನಡುವೆ ಮರೆತುಹೋಯಿತು. ಅಜ್ಜಿ ಕೇಳಿಯೂ ಇರಲಿಲ್ಲ. ನಾನು ಬೈಯಲಿಲ್ಲ, ಅವರೇ ಅಳುತ್ತಿದ್ದರು.

2022ರ ಜೂನಿನಲ್ಲಿ ಬಿಡುಗಡೆಯಾದ '777 ಚಾರ್ಲಿ' ಸಿನಿಮಾವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದರ ನಿರ್ದೇಶಕ ಕಿರಣ್‌ರಾಜ್ ನಮ್ಮ ಕಾಸರಗೋಡಿನವರು. ಹಿಂಸೆಯಿಂದ ತಪ್ಪಿಸಿಕೊಂಡು ಬಂದು ಕೊನೆಗೆ ಕ್ಯಾನ್ಸರ್ ಹಿಡಿದ ನಾಯಿಗಾಗಿ ಧರ್ಮ ಎಂಬ ಯುವಕ ಎಲ್ಲವನ್ನೂ ಬಿಟ್ಟು ಹಿಮದ ನಾಡಿಗೆ ಹೊರಡುತ್ತಾನೆ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ನೋಡಿ ಅತ್ತರು. ನಾನೂ ಅತ್ತೆ. ಆದರೆ ಧರ್ಮ ಒಂಟಿ. ನಮ್ಮ ಮನೆಗಳಲ್ಲಿ ಹಾಗಲ್ಲ. ಪಕ್ಕದಲ್ಲಿ ಒಬ್ಬ ಅಜ್ಜಿ ಇರುತ್ತಾಳೆ.

ಕೆಲಸ ಹಂಚಿಕೊಂಡರು. ಸಲೈನ್ ಯಜಮಾನರ ಪಾಲಿಗೆ ಬಂತು, ಅವಸರದ ಕೈ ಅದರಲ್ಲಿ ಬೇಗ ಹದವಾಯಿತು. ಕೆಂಚಿಯನ್ನು ತಂದ ಯುವಕನನ್ನು ಕರೆದು, ವಾರಕ್ಕೆ ಮೂರು ಸಂಜೆ ಕೊಟ್ಟಿಗೆಯ ಕೆಲಸ ನಿನ್ನದು ಎಂದು ನಾನೇ ಹೇಳಿದೆ. ಬಿಡಿಸಿ ತರುವುದು ಅರ್ಧ ಗಂಟೆಯ ಪುಣ್ಯ, ಅದರ ಎರಡು ತಿಂಗಳ ಭಾರವನ್ನು ಮುದುಕರ ಮೇಲೆ ಹಾಕಿ ಹೋಗುವಂತಿಲ್ಲ. ಮಧ್ಯಾಹ್ನದ ಗಂಜಿ ಮತ್ತೆ ಹೋಯಿತು.

ಅಕ್ಟೋಬರಿನಲ್ಲಿ ಬೊಳ್ಳು ನೀರನ್ನೂ ಬಿಟ್ಟಿತು. ನರಳುವುದು ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟು ಮಲಗಿಸಬಹುದು ಎಂದರು ವೈದ್ಯರು. ದಯಾಮರಣ ಪಾಪವೆಂದು ನಾನೇ ಪ್ರವಚನದಲ್ಲಿ ಹೇಳಿದವನು ಎಂದು ಯಜಮಾನರು ಫೋನು ಮಾಡಿದರು. ಮನುಷ್ಯನ ಜೀವದ ವಿಷಯದಲ್ಲಿ ಅದು ಪಾಪವೇ; ಆ ಬೋಧನೆಯಲ್ಲಿ ಬದಲಾವಣೆಯಿಲ್ಲ. ಪ್ರಾಣಿಯ ವಿಷಯ ಬೇರೆ. ವಾಸಿಯಾಗದ ಸಂಕಟವನ್ನು ವೈದ್ಯರ ಕೈಯಿಂದ ನೋವಿಲ್ಲದೆ ಮುಗಿಸುವುದನ್ನು ಧರ್ಮಸಭೆ ನಿಷೇಧಿಸಿಲ್ಲ. ಖರ್ಚಿಗೋ ಬೇಸರಕ್ಕೋ ಮಾಡಿದರೆ ಮನಸ್ಸಾಕ್ಷಿಗೆ ಉತ್ತರ ಕೊಡಬೇಕಾಗುತ್ತದೆ, ಅಷ್ಟೇ. ಅಮ್ಮ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡರು. ಜಾಯಿಕಾಯಿ ಮರದ ಬುಡದಲ್ಲಿ ಹೂಳಿದರು. ಸ್ವರ್ಗದಲ್ಲಿ ಬೊಳ್ಳು ಸಿಗುತ್ತದಾ ಎಂದು ಗಲ್ಫಿನಿಂದ ಮೊಮ್ಮಗಳು ಕೇಳಿದ್ದಕ್ಕೆ, ದೇವರು ತಾನು ಮಾಡಿದ್ದನ್ನು ಮರೆಯುವವನಲ್ಲ ಎಂದಷ್ಟೇ ಹೇಳಿದೆ.

ಈಗ ಕೆಂಚಿಯನ್ನು ಇಟ್ಟುಕೊಳ್ಳಬಹುದಲ್ಲ ಎಂದು ಎಲ್ಲರೂ ಹೇಳಿದರು. ಅಮ್ಮ ಒಪ್ಪಲಿಲ್ಲ. "ನಮಗೆ ಎಪ್ಪತ್ತು. ಅದಕ್ಕೆ ಎರಡು ವರ್ಷ. ಇನ್ನೊಂದು ಸಲ ಅದನ್ನು ಯಾರೂ ಬಿಟ್ಟುಹೋಗಬಾರದು" ಎಂದರು. ಸುಳ್ಯ ಕಡೆಯ ಒಂದು ಗೌಡರ ಮನೆಯವರು ಬಂದರು. ಬಂದ ದಿನವೇ ಕೊಡಲಿಲ್ಲ. ನಾಲ್ಕು ಭಾನುವಾರ ಬಂದು ಅದೇ ಮಣೆಯಲ್ಲಿ ಕುಳಿತು ಹೋಗಬೇಕು ಎಂದು ಷರತ್ತು. ದೀಪಾವಳಿಯ ಪಟಾಕಿ ಮುಗಿದ ಮೇಲೆ, ನವೆಂಬರಿನಲ್ಲಿ ಕರೆದುಕೊಂಡು ಹೋದರು. ಹೋಗುವಾಗ ಅಮ್ಮ ಹೇಳಿದ್ದು ಮೂರೇ ಮಾತು. ತಲೆಯ ಮೇಲಿನಿಂದ ಕೈ ತರಬೇಡಿ. ಹಿಡಿಸೂಡಿ ಕಾಣದ ಹಾಗೆ ಇಡಿ. ಸಂಜೆ ಹೊತ್ತು ಹತ್ತಿರ ಕುಳಿತು ಪ್ರಾರ್ಥನೆ ಮಾಡಿ.

"ನಮ್ಮದು ಭಜನೆ ಬಾಯಮ್ಮ, ಆಗಬಹುದಾ?" ಎಂದು ಆ ಮನೆಯ ಯಜಮಾನ ಕೇಳಿದ.

"ತಾಳ ಮಾತ್ರ ಮೆಲ್ಲಗೆ ಹಾಕಿ" ಎಂದರು.