ಧಾನ್ಯದೊಳಗಿನ ಕಾವಲು: ಸಸ್ಯಗಳ ರೋಗಾಣುನಿರೋಧಕ ಸಸಾರಜನಕಗಳು

ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಮುಗಿಯುವತನಕ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಗಾಳಿಯಲ್ಲಿ ತೇವ ತುಂಬಿರುತ್ತದೆ. ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಊರಿನಿಂದ ಅಕ್ಕರೆಯಿಂದ ಕಟ್ಟಿಕೊಂಡು ತಂದ ರಾಗಿ, ಜೋಳ, ಶೇಂಗಾಗಳನ್ನು ಡಬ್ಬಗಳಲ್ಲಿ ತುಂಬಿಟ್ಟ ಗೃಹಿಣಿಯರಿಗೆ ಇದು ಚಿಂತೆಯ ಕಾಲ. ಅದೇ ರಾಗಿಯು ಹಳೆಯ ಮೈಸೂರು ಸೀಮೆಯ ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದಿತು. ಒಂದೇ ಕಾಳು ಒಂದೆಡೆ ಬಾಳುವುದಕ್ಕೂ ಇನ್ನೊಂದೆಡೆ ಬೂಷ್ಟು ಹಿಡಿಯುವುದಕ್ಕೂ ಕಾರಣವೇನು? ಈ ಪ್ರಶ್ನೆಯ ಬೆನ್ನುಹತ್ತಿದರೆ ಕಾಳಿನೊಳಗೇ ಅಡಗಿರುವ ಒಂದು ರಕ್ಷಣಾವ್ಯವಸ್ಥೆಯ ಪರಿಚಯವಾಗುತ್ತದೆ. ಪ್ರಸ್ತುತ ಲೇಖಕನು ವಾಣಿಜ್ಯಶಾಸ್ತ್ರದ ಪದವೀಧರ, ವೃತ್ತಿಯಿಂದ ಬ್ಯಾಂಕ್ ಅಧಿಕಾರಿ. ಆದುದರಿಂದ ವಿಷಯವನ್ನು ಸಾಮಾನ್ಯನ ಮಾತಿನಲ್ಲಿಯೇ ನಿರೂಪಿಸುವ ಪ್ರಯತ್ನ ಇಲ್ಲಿದೆ.

ಬೀಜವೆಂಬ ಠೇವಣಿ

ಬೀಜವೆಂದರೆ ತಾಯಿಗಿಡವು ಮುಂದಿನ ಪೀಳಿಗೆಯ ಹೆಸರಿನಲ್ಲಿ ಇರಿಸಿದ ಮುದ್ದತು ಠೇವಣಿ. ಪಿಷ್ಟ, ಎಣ್ಣೆ, ಸಸಾರಜನಕ, ಅಂದರೆ ಪ್ರೋಟೀನು, ಇವೆಲ್ಲವೂ ಮೊಳಕೆಯ ಮೊದಲ ದಿನಗಳ ಖರ್ಚಿಗಾಗಿ ಅಲ್ಲಿ ಕೂಡಿಟ್ಟಿರುತ್ತವೆ. ಧನವಿದ್ದಲ್ಲಿ ಕಳ್ಳರ ಕಣ್ಣು ಇದ್ದೇ ಇರುತ್ತದೆ. ಶಿಲೀಂಧ್ರಗಳು, ಬ್ಯಾಕ್ಟೀರಿಯಗಳು, ಕೀಟಗಳು ಈ ಭಂಡಾರಕ್ಕಾಗಿ ಹೊಂಚುಹಾಕುತ್ತಿರುತ್ತವೆ. ಮನುಷ್ಯನ ರಕ್ತದಲ್ಲಿ ರೋಗಾಣುಗಳೊಡನೆ ಹೋರಾಡುವ ಬಿಳಿಯ ಕಣಗಳಿವೆ. ಸಸ್ಯಕ್ಕಾದರೋ ರಕ್ತವಿಲ್ಲ, ಓಡಿಹೋಗಲು ಕಾಲುಗಳೂ ಇಲ್ಲ. ಅದು ತನ್ನ ಬೀಜದಲ್ಲಿ, ಎಲೆಯಲ್ಲಿ, ಬೇರಿನಲ್ಲಿ ಕೆಲವು ವಿಶೇಷ ಸಸಾರಜನಕಗಳನ್ನು ತಯಾರಿಸಿ ಕಾವಲಿಗೆ ನಿಲ್ಲಿಸುತ್ತದೆ. ಇವುಗಳಲ್ಲಿ ಮೊದಲಿಗೆ ಕಂಡುಬಂದುದು ಗೋಧಿಹಿಟ್ಟಿನಲ್ಲಿ. 1942ರಲ್ಲಿ ಅಮೇರಿಕೆಯ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದರು. ಆ ಗುಂಪಿಗೆ ಇಂದು ಥಿಯೋನಿನ್ ಎಂಬ ಹೆಸರಿದೆ.

ರಚನೆಯ ರಹಸ್ಯ

ಯಾವುದೇ ಸಸಾರಜನಕವು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಸಾಮಾನ್ಯ ಸಸಾರಜನಕಗಳಲ್ಲಿ ನೂರಾರು ಮಣಿಗಳಿರುತ್ತವೆ. ಕಾವಲಿನ ಈ ಸಸಾರಜನಕಗಳಲ್ಲಿ ಹಲವು ಬಹಳ ಚಿಕ್ಕವು. ಡಿಫೆನ್ಸಿನ್ ಎಂಬ ಗುಂಪಿನವುಗಳಲ್ಲಿ ಸುಮಾರು 50 ಮಣಿಗಳು ಮಾತ್ರ. ಆದರೆ ಅವುಗಳ ನಡುವೆ ಗಂಧಕವನ್ನು ಹೊಂದಿದ 8 ಮಣಿಗಳಿದ್ದು, ಎರಡೆರಡು ಕೂಡಿಕೊಂಡು 4 ಗಂಟುಗಳಾಗುತ್ತವೆ. ಈ ಗಂಧಕದ ಗಂಟುಗಳೇ ಸರವನ್ನು ಬಿಗಿಯಾಗಿ ಕಟ್ಟಿ, ಬಿಸಿಗೂ ಆಮ್ಲಕ್ಕೂ ಸುಲಭವಾಗಿ ಸಡಿಲಗೊಳ್ಳದಂತೆ ಮಾಡುತ್ತವೆ.

ರಚನೆಗೆ ತಕ್ಕಂತೆ ಕಾರ್ಯ. ಥಿಯೋನಿನ್‌ಗಳ ಮೈಮೇಲೆ ಧನ ವಿದ್ಯುದಂಶವಿದೆ. ರೋಗಾಣುವಿನ ಹೊರಪೊರೆಯಲ್ಲಿ ಋಣ ವಿದ್ಯುದಂಶವಿದೆ. ಎರಡೂ ಪರಸ್ಪರ ಆಕರ್ಷಿಸಿ, ಪೊರೆಯು ಭಗ್ನವಾಗಿ, ರೋಗಾಣುವಿನ ಒಳಗಿನ ಸಾರವು ಸೋರಿಹೋಗುತ್ತದೆ. ಕೈಟಿನೇಸ್ ಎಂಬ ಇನ್ನೊಂದು ಗುಂಪು ಕಿಣ್ವದ ಜಾತಿಗೆ ಸೇರಿದುದು. ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್ ಎಂಬ ದ್ರವ್ಯವನ್ನು ಅದು ತುಂಡರಿಸುತ್ತದೆ. ಸೀಗಡಿಯ ಚಿಪ್ಪಿನಲ್ಲಿರುವುದೂ ಇದೇ ಕೈಟಿನ್. ಸಸ್ಯದ ಗೋಡೆಯಲ್ಲಿ ಅದು ಇಲ್ಲವಾದುದರಿಂದ ಕಾವಲುಗಾರನಿಂದ ಮನೆಗೆ ಅಪಾಯವಿಲ್ಲ.

ಮೂಲಂಗಿಯ ಬೀಜದಲ್ಲಿ ನಡೆಯುವ ವ್ಯವಹಾರವು ಇನ್ನೂ ಸ್ವಾರಸ್ಯಕರವಾದುದು. ಮೊಳಕೆಯೊಡೆಯುವಾಗ ಸಿಪ್ಪೆ ಬಿರಿದೊಡನೆ ಒಳಗಿದ್ದ ಡಿಫೆನ್ಸಿನ್‌ಗಳು ಹೊರಬಂದು, ಎಳೆಯ ಮೊಳಕೆಯ ಸುತ್ತಣ ಮಣ್ಣಿನಲ್ಲಿ ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುತ್ತವೆ.

ಮಣಿಪಾಲದಲ್ಲಿ ರಾಗಿಯ ಸಂಶೋಧನೆ

ಈ ವಿಜ್ಞಾನದಲ್ಲಿ ನಮ್ಮ ನಾಡಿನ ಪಾಲೂ ಇದೆಯೆಂಬುದು ಹೆಮ್ಮೆಯ ಸಂಗತಿ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದ ಬಿ. ಶಿವರಾಜ್ ಮತ್ತು ಟಿ. ಎನ್. ಪಟ್ಟಾಭಿರಾಮನ್ ಅವರು ರಾಗಿಯಲ್ಲಿರುವ ಒಂದು ಅಸಾಮಾನ್ಯ ಸಸಾರಜನಕದ ವಿವರಗಳನ್ನು 1981ರಲ್ಲಿ ಪ್ರಕಟಿಸಿದರು. ಅದು ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಎಂಬ ಕಿಣ್ವವನ್ನೂ, ಸಸಾರಜನಕವನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನೂ ಏಕಕಾಲದಲ್ಲಿ ತಡೆಹಿಡಿಯಬಲ್ಲದು. ಒಂದೇ ಬೀಗದಿಂದ ಎರಡು ತಿಜೋರಿಗಳನ್ನು ಭದ್ರಪಡಿಸಿದಂತೆ! ಅದರ ಸರದಲ್ಲಿ 122 ಮಣಿಗಳೂ 5 ಗಂಧಕದ ಗಂಟುಗಳೂ ಇವೆಯೆಂಬುದು ಆಮೇಲೆ ತಿಳಿದುಬಂದಿತು. ಅದು ಹಿಟ್ಟುಹುಳುವಿನ ಜಾತಿಯೊಂದರ ಅಮೈಲೇಸ್ ಕಿಣ್ವದ ಬಾಯಲ್ಲಿ ತನ್ನ ತುದಿಯನ್ನು ತೂರಿಸಿ ಕೆಲಸ ಕೆಡಿಸುವ ಬಗೆಯು 1998ರಲ್ಲಿ ಪ್ರಕಟವಾಯಿತು. ಕಾಳನ್ನು ತಿಂದರೂ ಕೀಟಕ್ಕೆ ಅದನ್ನು ಜೀರ್ಣಿಸಿಕೊಳ್ಳುವುದು ಕಷ್ಟವಾಗುವಂತಹ ಉಪಾಯವಿದು.

ಹಗೇವಿನ ರಾಗಿಯ ಬಾಳಿಕೆಯೆಲ್ಲವೂ ಇದೊಂದರಿಂದಲೇ ಬಂದುದೆಂದು ಭಾವಿಸಲಾಗದು. ಕಾಳಿನ ಒಣತನ, ಬಿಗಿಯಾದ ಹೊರಪದರ, ಅದರಲ್ಲಿರುವ ಒಗರು ದ್ರವ್ಯಗಳು, ಮುಚ್ಚಿದ ಹಗೇವಿನಲ್ಲಿ ಗಾಳಿಯಾಡದಿರುವುದು, ಇವೆಲ್ಲವೂ ಕೂಡಿ ಆ ಫಲವನ್ನು ಕೊಡುತ್ತವೆ.

ಇದೇ ಮನೆತನಕ್ಕೆ ಸೇರಿದ ಸಸಾರಜನಕವೊಂದು ಮೆಕ್ಕೆಜೋಳದಲ್ಲಿದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವನ್ನು ಎದುರಿಸಬಲ್ಲ ತಳಿಗಳ ಕಾಳುಗಳಲ್ಲಿ ಅದು ಹೆಚ್ಚಿನ ಪ್ರಮಾಣದಲ್ಲಿದೆಯೆಂದು 1998ರಲ್ಲಿ ಅಮೇರಿಕೆಯ ಸಂಶೋಧಕರು ವರದಿ ಮಾಡಿದರು. ಈ ಶಿಲೀಂಧ್ರದ ಹೆಸರನ್ನು ವಾಚಕರು ನೆನಪಿನಲ್ಲಿಡುವುದು ಒಳಿತು. ಏಕೆಂದರೆ ಅಫ್ಲಟಾಕ್ಸಿನ್ ಎಂಬ ಘೋರ ವಿಷವನ್ನು ಉತ್ಪಾದಿಸುವುದು ಅದೇ.

1974ರ ಪಾಠ

1974ರ ಶರತ್ಕಾಲದಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಾಲ್ ಜಿಲ್ಲೆಗಳಲ್ಲಿ ಅಕಾಲದ ಮಳೆ ಸುರಿಯಿತು. ಮೆಕ್ಕೆಜೋಳದ ಬೆಳೆ ನೆನೆದು ಬೂಷ್ಟು ಹಿಡಿಯಿತು. ಬೇರೆ ಆಹಾರವಿಲ್ಲದ ಬಡ ಬುಡಕಟ್ಟಿನ ಜನರು ಅದನ್ನೇ ಉಂಡರು. ಕಾಮಾಲೆ ಕಾಣಿಸಿಕೊಂಡಿತು, ಹೊಟ್ಟೆಯಲ್ಲಿ ನೀರು ತುಂಬಿತು. ಕಾಯಿಲೆ ಬಿದ್ದ 397 ಮಂದಿಯಲ್ಲಿ 106 ಮಂದಿ ಮರಣಹೊಂದಿದರು. ಅದೇ ಆಹಾರವನ್ನು ತಿಂದ ನಾಯಿಗಳೂ ಸತ್ತವು. ಯಕೃತ್ತನ್ನು ಹಾಳುಗೆಡವಿದುದು ಅಫ್ಲಟಾಕ್ಸಿನ್ ಎಂದು ಸಂಶೋಧಕರು ನಿರ್ಣಯಿಸಿದರು.

ಪ್ರಕೃತಿಯ ಕಾವಲಿಗೂ ಒಂದು ಮಿತಿಯಿದೆಯೆಂಬುದೇ ಇದರ ಪಾಠ. ಕಾಳಿನಲ್ಲಿರುವ ರಕ್ಷಕ ಸಸಾರಜನಕವು ನಿಗದಿಯಾದ ಮೀಸಲು ನಿಧಿಯಿದ್ದಂತೆ. ತೇವವು ದೊರೆತ ಶಿಲೀಂಧ್ರವಾದರೋ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಕೊನೆಗೆ ಮೀಸಲು ಸೋಲುತ್ತದೆ. ಉತ್ತರ ಕರ್ನಾಟಕದ ವಾಚಕರಿಗೆ ಜೋಳದ ನಿದರ್ಶನವು ಪರಿಚಿತ. ಹಿಂಗಾರಿ ಮಾಲದಂಡಿ ಜೋಳವು ಒಣಹವೆಯಲ್ಲಿ ಬಲಿಯುವುದರಿಂದ ಕಾಳು ಮುತ್ತಿನಂತಿರುತ್ತದೆ. ಮುಂಗಾರಿ ಜೋಳವು ತೆನೆ ಬಲಿಯುವಾಗ ಮಳೆಗೆ ಸಿಕ್ಕಿದರೆ ಕಪ್ಪಾಗುತ್ತದೆ. ಜೋಳದ ಕಾಳಿನಲ್ಲಿಯೂ ಶಿಲೀಂಧ್ರನಿರೋಧಕ ಸಸಾರಜನಕಗಳಿದ್ದೇ ಇವೆ. ಆದರೂ ಮಳೆಯು ಗೆಲ್ಲುತ್ತದೆ.

ನಮ್ಮ ಮನೆಗಳಲ್ಲಿ

ಈ ಸಸಾರಜನಕಗಳು ಕಾಳಿನ ರಕ್ಷಣೆಗಾಗಿ ಹುಟ್ಟಿದವು. ಅವುಗಳಿರುವ ಕಾಳನ್ನು ತಿಂದರೆ ನಮ್ಮ ಜ್ವರವೋ ಸೋಂಕೋ ವಾಸಿಯಾದೀತೆಂದು ತಿಳಿಯಬಾರದು. ಮೊಳಕೆಯ ಹೆಸರುಕಾಳಿಗೂ ಇದೇ ಮಾತು. ಮೊಳಕೆಗೆ ಬೇಕಾದ ತೇವ ಮತ್ತು ಬೆಚ್ಚನೆಯ ವಾತಾವರಣಗಳು ರೋಗಾಣುಗಳಿಗೂ ಹಿತವೇ. ಮಳೆಗಾಲದಲ್ಲಿ ಅದನ್ನು ಹಸಿಯಾಗಿ ತಿನ್ನದೆ ಬೇಯಿಸಿ ತಿನ್ನುವುದು ಕ್ಷೇಮ.

ಧಾನ್ಯದಲ್ಲಿ ಅಫ್ಲಟಾಕ್ಸಿನ್ ಕಿಲೋವೊಂದಕ್ಕೆ 15 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಆಹಾರ ನಿಯಮವು ವಿಧಿಸಿದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ನೂರು ಕೋಟಿ ರೂಪಾಯಿಯಲ್ಲಿ 15 ರೂಪಾಯಿ! ಇಷ್ಟು ಸೂಕ್ಷ್ಮವಾದುದನ್ನು ಕಣ್ಣಾಗಲಿ ಮೂಗಾಗಲಿ ಹಿಡಿಯಲಾರದು. ಸಾಧಾರಣ ಅಡಿಗೆಯ ಬಿಸಿಗೆ ಅದು ನಾಶವಾಗುವುದೂ ಇಲ್ಲ. ಅನ್ನವನ್ನು ಚೆಲ್ಲಬಾರದೆಂಬ ಸಂಸ್ಕಾರದಲ್ಲಿ ಬೆಳೆದ ನಮ್ಮ ಹಿರಿಯರು ಬೂಷ್ಟು ಹಿಡಿದ ಶೇಂಗಾವನ್ನು ಒರೆಸಿ, ತೊಳೆದು, ಹುರಿದು ಚಟ್ನಿಗೆ ಬಳಸುವುದುಂಟು. ಆ ಭಾವನೆ ಗೌರವಾರ್ಹವಾದರೂ ಆ ಪದ್ಧತಿಯನ್ನು ಕೈಬಿಡಲೇಬೇಕು. ಅಂತಹ ಕಾಳನ್ನು ಹಸುವಿಗೂ ಹಾಕಬಾರದು. ವಿಷದ ಅಂಶವು ಹಾಲಿಗೆ ಇಳಿಯುತ್ತದೆ.

ಗಮನಿಸಬೇಕಾದ ಅಂಶಗಳು ಇಷ್ಟು:

1. ಧಾನ್ಯವನ್ನು ಮೇ ತಿಂಗಳ ಬಿಸಿಲಿನಲ್ಲಿಯೇ ಚೆನ್ನಾಗಿ ಒಣಗಿಸಿ, ಪೂರ್ತಿ ಆರಿದ ಬಳಿಕ ಗಾಳಿಯಾಡದ ಡಬ್ಬದಲ್ಲಿ ತುಂಬಬೇಕು.

2. ಡಬ್ಬವನ್ನು ನೆಲಕ್ಕೂ ಹೊರಗೋಡೆಗೂ ತಾಗಿಸದೆ ಮಣೆಯ ಮೇಲಿಡಬೇಕು. ಒದ್ದೆ ಕೈ, ಒದ್ದೆ ಚಮಚಗಳನ್ನು ಅದರೊಳಗೆ ಹಾಕಬಾರದು.

3. ಒಡೆದ, ಸುಕ್ಕಾದ, ಬಣ್ಣಗೆಟ್ಟ ಕಾಳುಗಳನ್ನು ಆರಿಸಿ ಎಸೆಯಬೇಕು. ಹೊರಪದರವು ಒಡೆದ ಕಾಳು ಬಾಗಿಲು ತೆರೆದ ತಿಜೋರಿಯಂತೆ.

4. ಮಳೆಗಾಲದಲ್ಲಿ ಹಿಟ್ಟನ್ನು ವಾರಕ್ಕೆ ಸಾಲುವಷ್ಟೇ ಬೀಸಿಸಬೇಕು. ಶೇಂಗಾ, ಕೊಬ್ಬರಿಗಳನ್ನು ಸ್ವಲ್ಪಸ್ವಲ್ಪವೇ ಕೊಳ್ಳಬೇಕು.

5. ಬೂಷ್ಟು ಅಥವಾ ಮುಗ್ಗಲು ವಾಸನೆ ಕಂಡುಬಂದ ಧಾನ್ಯವನ್ನು, ಅದು ಊರಿನ ಹೊಲದಿಂದಲೇ ಬಂದುದಾದರೂ, ಮರುಕಪಡದೆ ವಿಸರ್ಜಿಸಬೇಕು.

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ನಮ್ಮ ಗಾದೆ. ಉಣ್ಣುವ ಕಾಳಿನ ಬಲವನ್ನೂ ಅದರ ಮಿತಿಯನ್ನೂ ಅರಿಯುವುದು ಊಟ ಬಲ್ಲವರ ಲಕ್ಷಣ. ಕಾಳು ತನ್ನ ಕಾವಲನ್ನು ತಾನೇ ಮಾಡಿಕೊಳ್ಳುತ್ತದೆ. ಅದನ್ನು ಒಣಗಿದ ಸ್ಥಿತಿಯಲ್ಲಿ ಕಾಪಾಡುವ ಹೊಣೆ ಮಾತ್ರ ನಮ್ಮದು.